ಆರೋಗ್ಯ ಸೇವಾ ನಿರ್ವಹಣೆಯಲ್ಲಿ ಡಾಕ್ಟರೇಟ್ ಮಾಡಬೇಕೆಂದಿದ್ದೀರಾ? ಮೊದಲು ವಾರ್ಡಿಗೆ ಹೋಗಿ ನಿಲ್ಲಿ

ಬೆಳಿಗ್ಗೆ ಒಂಬತ್ತೂವರೆಗೆ ವೈದ್ಯರು ವಾರ್ಡಿನ ಸುತ್ತು ಮುಗಿಸಿ ಕಡತದ ಮೇಲೆ 'ಇಂದು ಮನೆಗೆ ಹೋಗಬಹುದು' ಎಂದು ಬರೆಯುತ್ತಾರೆ. ರೋಗಿ ಹಾಸಿಗೆ ಬಿಟ್ಟು ಹೊರಡುವುದು ಸಂಜೆ ನಾಲ್ಕಕ್ಕೆ. ನಡುವಿನ ಆರೂವರೆ ಗಂಟೆ ಎಲ್ಲಿ ಹೋಯಿತು? ಬಿಡುಗಡೆ ಸಾರಾಂಶ ಬರೆಯಬೇಕಾದ ಕಿರಿಯ ವೈದ್ಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿದ್ದಾನೆ. ವಾರ್ಡಿನಿಂದ ಹಿಂದಿರುಗಬೇಕಾದ ಔಷಧಗಳಿಗಾಗಿ ಔಷಧಾಲಯ ಕಾಯುತ್ತಿದೆ, ಔಷಧಾಲಯದ ಲೆಕ್ಕಕ್ಕಾಗಿ ಬಿಲ್ಲಿಂಗ್ ವಿಭಾಗ ಕಾಯುತ್ತಿದೆ, ಬಿಲ್ಲಿಗಾಗಿ ವಿಮೆಯವರು ಕಾಯುತ್ತಿದ್ದಾರೆ. ಕೆಳಗೆ ತುರ್ತು ಚಿಕಿತ್ಸಾ ಘಟಕದಲ್ಲಿ ಇನ್ನೊಬ್ಬ ರೋಗಿ ಇದೇ ಹಾಸಿಗೆಗಾಗಿ ಸ್ಟ್ರೆಚರಿನ ಮೇಲೆ ಮಲಗಿ ಕಾಯುತ್ತಿದ್ದಾನೆ.

ಇಲ್ಲಿ ಯಾರೂ ಸೋಮಾರಿಗಳಲ್ಲ, ಯಾರೂ ತಪ್ಪು ಮಾಡಿಲ್ಲ. ಆದರೂ ಹಾಸಿಗೆ ಹೋಯಿತು. ಎಲ್ಲರೂ ಸರಿಯಾಗಿ ಕೆಲಸ ಮಾಡುತ್ತಿರುವಾಗಲೂ ಒಟ್ಟು ಕೆಲಸ ಏಕೆ ಕೆಡುತ್ತದೆ ಎಂಬುದೇ ಆರೋಗ್ಯ ಸೇವಾ ನಿರ್ವಹಣೆಯ ಮೂಲ ಪ್ರಶ್ನೆ ಎಂದು ನನಗೆ ಅನ್ನಿಸುತ್ತದೆ. ನಾನು ವರ್ಷಗಟ್ಟಲೆ ಬೆನ್ನುಹತ್ತಿದ್ದೂ ಹೆಚ್ಚುಕಡಿಮೆ ಈ ಆರೂವರೆ ಗಂಟೆಯನ್ನೇ. ಆದ್ದರಿಂದ ಈ ಮಾರ್ಗದರ್ಶಿಯುದ್ದಕ್ಕೂ ಇದೇ ಉದಾಹರಣೆಗೆ ಮತ್ತೆ ಮತ್ತೆ ಮರಳುತ್ತೇನೆ.

1. ಏಕೆ ಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಕೇವಲ ಬಡ್ತಿಗಾಗಿ ಎಂದಾದರೆ ಇನ್ನೊಮ್ಮೆ ಯೋಚಿಸಿ. ಆಸ್ಪತ್ರೆ ನಡೆಸುವುದಕ್ಕೆ ಡಾಕ್ಟರೇಟ್ ಬೇಕಾಗಿಲ್ಲ. ಒಳ್ಳೆಯ ಸ್ನಾತಕೋತ್ತರ ಪದವಿ ಮತ್ತು ಹತ್ತು ವರ್ಷದ ಪೆಟ್ಟು ತಿಂದ ಅನುಭವ ಸಾಕು. ವಿಶ್ವವಿದ್ಯಾಲಯದಲ್ಲಿ ಬೋಧಿಸಬೇಕು, ಆರೋಗ್ಯ ನೀತಿ ರೂಪಿಸುವ ಕಡೆ ಹೋಗಬೇಕು, ಸಂಶೋಧನೆಯನ್ನೇ ವೃತ್ತಿ ಮಾಡಿಕೊಳ್ಳಬೇಕು ಎನ್ನುವವರಿಗೆ ಈ ಪದವಿ ಬಾಗಿಲು ತೆರೆಯುತ್ತದೆ. ಇನ್ನೊಂದು ಬಗೆಯ ಜನರಿದ್ದಾರೆ: ಕೆಲಸದ ಜಾಗದಲ್ಲಿ ಕಂಡ ಒಂದು ಸಮಸ್ಯೆ ರಾತ್ರಿ ನಿದ್ದೆಗೆಡಿಸಿದವರು. ಕೊನೆಯವರೆಗೆ ಉಳಿದುಕೊಳ್ಳುವವರಲ್ಲಿ ಇವರೇ ಹೆಚ್ಚು.

ಹಿನ್ನೆಲೆಯ ಬಗ್ಗೆ ಅಳುಕು ಬೇಡ. ವೈದ್ಯರು, ನರ್ಸ್‌ಗಳು, ಔಷಧ ತಜ್ಞರು, ಅರ್ಥಶಾಸ್ತ್ರ ಓದಿದವರು, ಎಂಜಿನಿಯರ್‌ಗಳು, ಲೆಕ್ಕಪರಿಶೋಧಕರು ಎಲ್ಲರೂ ಈ ಕ್ಷೇತ್ರಕ್ಕೆ ಬರುತ್ತಾರೆ. ಹೆಸರಿನ ಮುಂದೆ 'ಡಾ.' ಸೇರಿದ ಮೇಲೆ ಯಾರಾದರೂ ನಾಡಿ ನೋಡಿ ಎಂದು ಕೈ ಚಾಚಿದರೆ ನಗುತ್ತ ನಿರಾಕರಿಸುವುದನ್ನು ಮಾತ್ರ ಈಗಲೇ ಅಭ್ಯಾಸ ಮಾಡಿಕೊಳ್ಳಿ.

2. ಯಾವ ಡಾಕ್ಟರೇಟ್ ಎಂದು ತೀರ್ಮಾನಿಸಿ

ಹೆಚ್ಚಿನವರು ಎಡವುವುದು ಇಲ್ಲಿ, ಏಕೆಂದರೆ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ಪದವಿಗಳಿವೆ.

ಪಿಎಚ್‌ಡಿ ಸಂಶೋಧಕರನ್ನು ತಯಾರಿಸುವ ಪದವಿ. ಅದರಲ್ಲಿ ಹೊಸ ಜ್ಞಾನ ಕೊಡಬೇಕು, ಸಿದ್ಧಾಂತದ ಜೊತೆ ಗುದ್ದಾಡಬೇಕು. ಪ್ರಾಧ್ಯಾಪಕ ಹುದ್ದೆ ನಿಮ್ಮ ಗುರಿಯಾಗಿದ್ದರೆ ಇದನ್ನೇ ಆರಿಸಿ. ಡಿಎಚ್‌ಎ, ಅಂದರೆ ಆರೋಗ್ಯ ಆಡಳಿತದ ಡಾಕ್ಟರೇಟ್, ಈಗಾಗಲೇ ಹಿರಿಯ ಹುದ್ದೆಯಲ್ಲಿರುವವರಿಗಾಗಿ ಇರುವುದು. ಅಮೆರಿಕದ ಸೌತ್ ಕ್ಯಾರೊಲಿನಾ ವೈದ್ಯಕೀಯ ವಿಶ್ವವಿದ್ಯಾಲಯ ಇದನ್ನು ನಡೆಸುವ ಸಂಸ್ಥೆಗಳಲ್ಲಿ ಒಂದು. ಡಿಆರ್‌ಪಿಎಚ್ ಸಾರ್ವಜನಿಕ ಆರೋಗ್ಯದ ವೃತ್ತಿಪರ ಡಾಕ್ಟರೇಟ್. ಜಾನ್ಸ್ ಹಾಪ್ಕಿನ್ಸ್ ಮತ್ತು ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಎರಡರಲ್ಲೂ ಇದೆ. ಒಂದು ಆಸ್ಪತ್ರೆಗಿಂತ ಇಡೀ ಜಿಲ್ಲೆಯ, ದೇಶದ ಆರೋಗ್ಯ ವ್ಯವಸ್ಥೆ ನಿಮ್ಮ ಕಣ್ಣ ಮುಂದಿದ್ದರೆ ಇದು ಹೊಂದುತ್ತದೆ. ನಾಲ್ಕನೆಯದು ಡಿಬಿಎ. ಇದು ವ್ಯವಹಾರ ನಿರ್ವಹಣಾ ಶಾಲೆಗಳ ವೃತ್ತಿಪರ ಡಾಕ್ಟರೇಟ್. ಆರೋಗ್ಯ ಕ್ಷೇತ್ರದ ಸಮಸ್ಯೆಯನ್ನೇ ಆರಿಸಿಕೊಂಡು ಮಾಡಬಹುದು.

ನನ್ನ ಅಭಿಪ್ರಾಯ ಕೇಳುವುದಾದರೆ, ಮುಂದೇನು ಮಾಡಬೇಕೆಂಬುದು ಗೊತ್ತಿಲ್ಲದವರು ಪಿಎಚ್‌ಡಿ ಮಾಡುವುದು ಲೇಸು. ಪಿಎಚ್‌ಡಿ ಮಾಡಿದವರು ಆಡಳಿತಕ್ಕೆ ಹೋಗಬಹುದು. ವೃತ್ತಿಪರ ಡಾಕ್ಟರೇಟ್ ಮಾಡಿದವರನ್ನು ಕೆಲವು ವಿಶ್ವವಿದ್ಯಾಲಯಗಳು ಬೋಧನೆಗೆ ತೆಗೆದುಕೊಳ್ಳುವಾಗ ಹಿಂದೆಮುಂದೆ ನೋಡುತ್ತವೆ.

ದೇಶದಿಂದ ದೇಶಕ್ಕೆ ನಡೆಯೂ ಬೇರೆ. ಅಮೆರಿಕದ ಪಿಎಚ್‌ಡಿಯಲ್ಲಿ ಮೊದಲ ಎರಡು ವರ್ಷ ತರಗತಿಗಳು, ಆಮೇಲೆ ಅರ್ಹತಾ ಪರೀಕ್ಷೆ, ಆಮೇಲೆ ಸಂಶೋಧನೆ. ಒಟ್ಟು ನಾಲ್ಕರಿಂದ ಆರು ವರ್ಷ ಹಿಡಿಯುತ್ತದೆ. ಬ್ರಿಟನ್ನಿನಲ್ಲಿ ಮೊದಲ ದಿನದಿಂದಲೇ ಸಂಶೋಧನೆ, ಮೂರರಿಂದ ನಾಲ್ಕು ವರ್ಷ. ನೆದರ್ಲೆಂಡ್ಸ್‌ನಲ್ಲಿ ಸಂಶೋಧನಾರ್ಥಿಯನ್ನು ಸಾಮಾನ್ಯವಾಗಿ ಸಂಬಳದ ನೌಕರನಾಗಿಯೇ ನೇಮಿಸಿಕೊಳ್ಳುತ್ತಾರೆ. ರಾಟರ್‌ಡ್ಯಾಮಿನ ಇರಾಸ್ಮಸ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯ ನೀತಿ ಮತ್ತು ನಿರ್ವಹಣೆಗೆಂದೇ ಪ್ರತ್ಯೇಕ ಶಾಲೆಯಿದೆ. ಕೆಲಸ ಬಿಡದೆ ಅರೆಕಾಲಿಕವಾಗಿ ಮಾಡುವವರು ಈ ಎಲ್ಲ ಅವಧಿಗಳನ್ನೂ ಹೆಚ್ಚುಕಡಿಮೆ ಇಮ್ಮಡಿ ಎಂದೇ ಲೆಕ್ಕ ಹಾಕಿಕೊಳ್ಳಬೇಕು.

ಮಾನ್ಯತೆಯನ್ನು ಪರಿಶೀಲಿಸದೆ ಒಂದು ಕಾಸನ್ನೂ ಕಟ್ಟಬೇಡಿ. ಅಮೆರಿಕದ ಡಿಆರ್‌ಪಿಎಚ್ ಆದರೆ ಸಿಇಪಿಎಚ್ ಮಾನ್ಯತೆ, ವ್ಯವಹಾರ ಶಾಲೆಯಾದರೆ ಎಎಸಿಎಸ್‌ಬಿ, ಇಕ್ವಿಸ್ ಅಥವಾ ಆಂಬಾ ಮಾನ್ಯತೆ ನೋಡಿ. ಅದಕ್ಕಿಂತ ಮುಖ್ಯವಾಗಿ, ನೀವು ಮುಂದೆ ಕೆಲಸ ಮಾಡಲಿರುವ ದೇಶ ಆ ಪದವಿಯನ್ನು ಒಪ್ಪುತ್ತದೆಯೇ ಎಂದು ಅಲ್ಲಿನ ಉನ್ನತ ಶಿಕ್ಷಣ ಪ್ರಾಧಿಕಾರದಿಂದ ಲಿಖಿತವಾಗಿ ತಿಳಿದುಕೊಳ್ಳಿ. ಹನ್ನೆರಡು ತಿಂಗಳಲ್ಲಿ ಡಾಕ್ಟರೇಟ್, ಅನುಭವಕ್ಕೆ ಪೂರ್ತಿ ರಿಯಾಯಿತಿ ಎನ್ನುವ ಜಾಹೀರಾತು ಕಂಡರೆ ಆ ಪುಟವನ್ನು ಅಲ್ಲೇ ಮುಚ್ಚಿಬಿಡಿ.

3. ವಿಷಯವನ್ನು ಬಿಟ್ಟು ಪ್ರಶ್ನೆಯನ್ನು ಹುಡುಕಿ

'ಆಸ್ಪತ್ರೆಗಳಲ್ಲಿ ಗುಣಮಟ್ಟ ಸುಧಾರಣೆ: ಒಂದು ಅಧ್ಯಯನ.' ಇಂತಹ ಶೀರ್ಷಿಕೆ ಹಿಡಿದು ಬರುವವರನ್ನು ಕಂಡಾಗ ನನಗೆ ನನ್ನದೇ ಮೊದಲ ಪ್ರಸ್ತಾವ ನೆನಪಾಗಿ ಮುಖ ಕೆಂಪಾಗುತ್ತದೆ. ಇದು ವಿಷಯ, ಪ್ರಶ್ನೆಯಲ್ಲ. ಇದಕ್ಕೆ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ, ಇಷ್ಟು ಎಂದೂ ಅಲ್ಲ.

ಪ್ರಶ್ನೆ ಹುಟ್ಟುವ ಬಗೆಯನ್ನು ತೋರಿಸಲು ಒಂದು ನಿಜವಾದ ಕಥೆ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಒಂದು ಸುರಕ್ಷತಾ ಪರಿಶೀಲನಾ ಪಟ್ಟಿಯನ್ನು ಹೊರತಂದಿತು. ಅರಿವಳಿಕೆ ಕೊಡುವ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿ ಕೊಠಡಿ ಬಿಡುವ ಮುನ್ನ ತಂಡದವರು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳಬೇಕಾದ ಒಂದು ಹಾಳೆ ಅದು. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತು ಎಂಬ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದು ಹಾಳೆಯಿಂದ ಇಷ್ಟು ಸಾಧ್ಯವೇ ಎಂದು ಜಗತ್ತು ಬೆರಗಾಯಿತು. ಐದು ವರ್ಷದ ಬಳಿಕ, 2014ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳ ಅಂಕಿಅಂಶ ಹೊರಬಂತು. ಎಲ್ಲ ಕಡೆ ಪಟ್ಟಿ ಜಾರಿಯಾಗಿತ್ತು. ಸಾವಿನ ಪ್ರಮಾಣ ಶೇ. 0.71ರಿಂದ ಶೇ. 0.65ಕ್ಕೆ ಬಂದಿತ್ತು, ಅಂದರೆ ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಗಣನೀಯ ವ್ಯತ್ಯಾಸವೇ ಇಲ್ಲ.

ಹಾಳೆ ಅದೇ, ಫಲ ಬೇರೆ. ಏಕೆ? ಒಂಟಾರಿಯೊದಲ್ಲಿ ಮೊದಲೇ ಸಾವುಗಳು ಕಡಿಮೆ ಇದ್ದವೇ? ಅಲ್ಲಿ ಪಟ್ಟಿಗೆ ಗುರುತು ಹಾಕುತ್ತಿದ್ದರೇ ಹೊರತು ಯಾರೂ ಗಟ್ಟಿಯಾಗಿ ಓದುತ್ತಿರಲಿಲ್ಲವೇ? ಸ್ವಂತ ಇಚ್ಛೆಯಿಂದ ತಂದ ಬದಲಾವಣೆಗೂ ಮೇಲಿನಿಂದ ಬಂದ ಆದೇಶಕ್ಕೂ ವ್ಯತ್ಯಾಸ ಉಂಟೇ? ಹಿರಿಯ ಶಸ್ತ್ರಚಿಕಿತ್ಸಕರ ಎದುರು ಕಿರಿಯ ನರ್ಸ್ 'ತಡೆಯಿರಿ' ಎನ್ನಬಲ್ಲಳೇ? ಈ ಒಂದೊಂದು ಪ್ರಶ್ನೆಯೂ ಒಂದೊಂದು ಮಹಾಪ್ರಬಂಧಕ್ಕೆ ಸಾಕು. ಔಷಧದ ಅಧ್ಯಯನದಲ್ಲಿ ಮಾತ್ರೆ ಕೆಲಸ ಮಾಡಿತೇ ಎಂದು ಕೇಳುತ್ತಾರೆ. ನಮ್ಮ ಕ್ಷೇತ್ರದಲ್ಲಿ ಮಾತ್ರೆ ಎಲ್ಲಿ, ಯಾರ ಕೈಯಲ್ಲಿ, ಯಾವ ಸ್ಥಿತಿಯಲ್ಲಿ ಕೆಲಸ ಮಾಡಿತು ಎಂದು ಕೇಳಬೇಕು.

ಈ ಹುಡುಕಾಟಕ್ಕೆ ಹಳೆಯದಾದರೂ ಸವೆಯದ ಒಂದು ಸಲಕರಣೆ ಇದೆ. ಆರೋಗ್ಯ ಸೇವೆಗಳ ಸಂಶೋಧಕ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಆರೈಕೆಯ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಎಂದು ಮೂರಾಗಿ ಬಿಡಿಸಿದರು. ನನ್ನ ಆರೂವರೆ ಗಂಟೆಯನ್ನು ಅದರಲ್ಲಿಟ್ಟು ನೋಡಿ. ಬಿಡುಗಡೆ ಸಾರಾಂಶ ಬರೆಯಲು ಎಷ್ಟು ವೈದ್ಯರಿದ್ದಾರೆ ಎಂಬುದು ರಚನೆ. ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ ಎಂಬುದು ಪ್ರಕ್ರಿಯೆ. ಹಾಸಿಗೆ ಖಾಲಿಯಾದ ಸಮಯ, ತುರ್ತು ಘಟಕದಲ್ಲಿ ಕಾದ ರೋಗಿಗೆ ಆದ ತೊಂದರೆ ಫಲಿತಾಂಶ. ಈಗ ಪ್ರಶ್ನೆ ಹೀಗಾಗುತ್ತದೆ: 'ಬಿಡುಗಡೆ ಸಾರಾಂಶವನ್ನು ಹಿಂದಿನ ಸಂಜೆಯೇ ಸಿದ್ಧಪಡಿಸಿದರೆ ಒಳರೋಗಿಗಳು ಎಷ್ಟು ಬೇಗ ಹಾಸಿಗೆ ಬಿಡುತ್ತಾರೆ?' ಇದಕ್ಕೆ ಗಂಟೆ ನಿಮಿಷಗಳಲ್ಲಿ ಉತ್ತರ ಕೊಡಬಹುದು. ಇಷ್ಟು ಕಿರಿದಾಯಿತೇ ಎಂದು ನಾಚಬೇಡಿ. ಡಾಕ್ಟರೇಟ್ ಪ್ರಶ್ನೆ ಸೂಜಿಯ ಕಣ್ಣಿನಷ್ಟೇ ಇರಬೇಕು. ಅದರ ಮೂಲಕ ಹಾಯುವ ದಾರ ಉದ್ದವಾಗಿದ್ದರೆ ಸರಿ.

4. ದತ್ತಾಂಶ ಕೈಗೆ ಬರುತ್ತದೆಯೇ ಎಂದು ಅರ್ಜಿಗೆ ಮೊದಲೇ ನೋಡಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಪ್ರಶ್ನೆ ನಿಮ್ಮದು, ದತ್ತಾಂಶ ಬೇರೆಯವರದು. ನಮ್ಮ ಕ್ಷೇತ್ರದಲ್ಲಿ ಎಷ್ಟೋ ಮಹಾಪ್ರಬಂಧಗಳು ಬುದ್ಧಿಯ ಕೊರತೆಯಿಂದ ನಿಲ್ಲುವುದಿಲ್ಲ, ಅನುಮತಿ ಪತ್ರದ ಕೊರತೆಯಿಂದ ನಿಲ್ಲುತ್ತವೆ.

ನನಗೆ ಒಂದು ಆಸ್ಪತ್ರೆಯ ಮುಖ್ಯಸ್ಥರು ಬಾಯಿಮಾತಿನಲ್ಲಿ 'ಅದಕ್ಕೇನಂತೆ, ತೆಗೆದುಕೊಳ್ಳಿ' ಎಂದಿದ್ದರು. ಆ ಮಾತನ್ನು ನಂಬಿ ಪ್ರಸ್ತಾವ ಬರೆದೆ, ಸಮಿತಿಯ ಒಪ್ಪಿಗೆ ಪಡೆದೆ. ಅಷ್ಟರಲ್ಲಿ ಅವರು ಬೇರೆ ಕಡೆ ಹೋಗಿದ್ದರು. ಹೊಸಬರಿಗೆ ನಾನು ಯಾರೆಂದೇ ಗೊತ್ತಿಲ್ಲ. ಎಂಟು ತಿಂಗಳು ಬಾಗಿಲ ಹೊರಗಿನ ಬೆಂಚಿನ ಮೇಲೆ ಕಳೆದೆ. ಸಹಿ ಮತ್ತು ಮೊಹರು ಇರುವ ಕಾಗದ ಮೊದಲೇ ಇದ್ದಿದ್ದರೆ ಎಂಟು ನಿಮಿಷದ ಕೆಲಸವಾಗುತ್ತಿತ್ತು. ಆದ್ದರಿಂದ ಯಾವ ವಿಭಾಗದ ಯಾವ ದಾಖಲೆ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಯಾವ ರೂಪದಲ್ಲಿ ಎಂಬುದೆಲ್ಲ ಇರುವ ಅನುಮತಿ ಪತ್ರ ಪಡೆಯಿರಿ. ಹುದ್ದೆಯ ಹೆಸರಿನಲ್ಲಿ ಪಡೆಯಿರಿ, ವ್ಯಕ್ತಿಯ ಹೆಸರಿನಲ್ಲಿ ಬೇಡ. ಜೊತೆಗೆ ಎರಡನೆಯ ಆಸ್ಪತ್ರೆಯೊಂದನ್ನು ಕೈಯಲ್ಲಿಟ್ಟುಕೊಳ್ಳಿ. ದೊಡ್ಡ ಸಾರ್ವಜನಿಕ ಸಮೀಕ್ಷೆಗಳ, ವಿಮಾ ದಾಖಲೆಗಳ ದತ್ತಾಂಶದ ಮೇಲೆ ಕೆಲಸ ಮಾಡುವವರಿಗೆ ಈ ತಲೆನೋವು ಕಡಿಮೆ. ಆದರೆ ಅವರು ಕೇಳಬಲ್ಲ ಪ್ರಶ್ನೆಗಳ ಮಿತಿಯನ್ನು ಆ ದಾಖಲೆಗಳೇ ಗೊತ್ತುಮಾಡಿಬಿಟ್ಟಿರುತ್ತವೆ.

ಕಡತ ಕೈಗೆ ಬಂದ ಮೇಲೂ ಕಥೆ ಮುಗಿಯುವುದಿಲ್ಲ. ನನಗೆ ಬಂದದ್ದು ಹನ್ನೊಂದು ತಿಂಗಳ ಬಿಡುಗಡೆಗಳ ಪಟ್ಟಿ. ರೋಗಿ ಹೊರಟ ಸಮಯದ ಅಂಕಣ ತೆರೆದು ನೋಡಿದರೆ ಬಹುಪಾಲು ರೋಗಿಗಳು ಮಧ್ಯಾಹ್ನ 1:50ರಿಂದ 2:00ರ ಒಳಗೆ ಹೊರಟುಹೋಗಿದ್ದರು! ಸಂಜೆ ನಾಲ್ಕಕ್ಕೆ ಹೊರಡುವುದನ್ನು ನಾನೇ ಕಣ್ಣಾರೆ ಕಂಡಿದ್ದೆ. ವಾರ್ಡಿಗೆ ಹೋಗಿ ಹಿರಿಯ ನರ್ಸ್ ಒಬ್ಬರನ್ನು ಕೇಳಿದೆ. ಅವರು ಇದರಲ್ಲೇನು ಆಶ್ಚರ್ಯ ಎಂಬಂತೆ ನೋಡಿದರು. "ಎರಡಕ್ಕೆ ಪಾಳಿ ಬದಲಾಗುತ್ತದೆ. ಹೋಗುವ ಮುಂಚೆ ಆ ದಿನದ ಬಿಡುಗಡೆಗಳನ್ನೆಲ್ಲ ಒಟ್ಟಿಗೆ ಕಂಪ್ಯೂಟರಿನಲ್ಲಿ ಒತ್ತಿಬಿಡುತ್ತೇವೆ."

ಆ ಸಮಯ ರೋಗಿಯದಲ್ಲ, ಪಾಳಿಯದು. ಅಂಕಿಗಳನ್ನೇ ನಂಬಿ ಕುಳಿತಿದ್ದರೆ ಇಲ್ಲದ ಶಿಸ್ತಿನ ಬಗ್ಗೆ ಮೂರು ಅಧ್ಯಾಯ ಬರೆಯುತ್ತಿದ್ದೆ. ಕೊನೆಗೆ ಕೈ ಹಿಡಿದದ್ದು ಹಾಸಿಗೆ ಶುಚಿಗೊಳಿಸುವವರ ದಿನಚರಿ ಪುಸ್ತಕ. ಹಾಸಿಗೆ ಖಾಲಿಯಾಯಿತೆಂಬ ಕರೆ ಬಂದ ಸಮಯವನ್ನು ಅವರು ನಿಮಿಷ ಬಿಡದೆ ಬರೆದಿದ್ದರು, ಏಕೆಂದರೆ ತಡವಾಯಿತೆಂಬ ಬೈಗುಳದಿಂದ ತಪ್ಪಿಸಿಕೊಳ್ಳಲು ಅದೊಂದೇ ಅವರಿಗೆ ಸಾಕ್ಷಿ. ಮೂರು ವಾರ ವಾರ್ಡಿನ ಮೂಲೆಯಲ್ಲಿ ನಿಂತು ನಾನೇ ಬರೆದುಕೊಂಡ ಸಮಯಗಳ ಜೊತೆ ಅದನ್ನು ಹೋಲಿಸಿದೆ, ಹೊಂದಿತು. ಯಾವ ದಾಖಲೆ ನಿಖರವಾಗಿದೆ ಎಂದು ತಿಳಿಯಬೇಕಾದರೆ, ಆ ದಾಖಲೆ ತಪ್ಪಾದರೆ ಯಾರಿಗೆ ನಷ್ಟ ಎಂದು ಕೇಳಿ. ಅರ್ಜಿ ಹಾಕುವ ಮುನ್ನವೇ ವಾರ್ಡಿಗೆ ಹೋಗಿ ನಿಲ್ಲಿ ಎಂದು ಶೀರ್ಷಿಕೆಯಲ್ಲಿ ಹೇಳಿದ್ದು ಇದಕ್ಕೇ.

5. ಮಾರ್ಗದರ್ಶಕರನ್ನು ಆರಿಸಿ, ಆಮೇಲೆ ವಿಶ್ವವಿದ್ಯಾಲಯವನ್ನು

ಶ್ರೇಯಾಂಕ ಪಟ್ಟಿ ಹಿಡಿದು ಮೇಲಿನಿಂದ ಕೆಳಕ್ಕೆ ಅರ್ಜಿ ಹಾಕುವವರಿದ್ದಾರೆ. ಮೊದಲ ಪದವಿಯ ಹಂತಕ್ಕೆ ಅದು ನಡೆದೀತು. ಇಲ್ಲಿ ನೀವು ನಾಲ್ಕೈದು ವರ್ಷ ಮಾತನಾಡಬೇಕಾದದ್ದು ಒಬ್ಬರ ಜೊತೆ, ಒಂದು ಕಟ್ಟಡದ ಜೊತೆಯಲ್ಲ.

ಹುಡುಕುವ ದಾರಿ ಸುಲಭ. ನಿಮ್ಮ ಪ್ರಶ್ನೆಗೆ ಹತ್ತಿರವಾದ ಹತ್ತು ಲೇಖನಗಳನ್ನು ಓದಿ; ಅವುಗಳಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳನ್ನು ಬರೆದುಕೊಳ್ಳಿ. ಹೆಲ್ತ್ ಸರ್ವಿಸಸ್ ರಿಸರ್ಚ್, ಮೆಡಿಕಲ್ ಕೇರ್, ಹೆಲ್ತ್ ಕೇರ್ ಮ್ಯಾನೇಜ್‌ಮೆಂಟ್ ರಿವ್ಯೂ, ಬಿಎಂಜೆ ಕ್ವಾಲಿಟಿ ಅಂಡ್ ಸೇಫ್ಟಿ, ಹೆಲ್ತ್ ಪಾಲಿಸಿ ಅಂಡ್ ಪ್ಲಾನಿಂಗ್ ಈ ನಿಯತಕಾಲಿಕಗಳಿಂದ ಶುರುಮಾಡಬಹುದು. ಆಮೇಲೆ ಪತ್ರ ಬರೆಯಿರಿ. ಪತ್ರ ಹದಿನೈದು ಸಾಲು ಮೀರಬಾರದು: ನೀವು ಯಾರು, ಅವರ ಯಾವ ಲೇಖನದ ಯಾವ ಮಾತು ನಿಮ್ಮನ್ನು ತಟ್ಟಿತು, ನಿಮ್ಮ ಪ್ರಶ್ನೆ ಏನು, ದತ್ತಾಂಶ ಎಲ್ಲಿಂದ ಬರುತ್ತದೆ, ಅವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆಯೇ. 'ತಮ್ಮ ಅಮೂಲ್ಯ ಮಾರ್ಗದರ್ಶನದಲ್ಲಿ' ಎಂದು ಆರಂಭವಾಗುವ ಪತ್ರ ಒಂದೇ ದಿನ ನಲವತ್ತು ಜನರಿಗೆ ಹೋಗಿದೆ ಎಂಬುದು ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಅಷ್ಟೇ.

ಒಪ್ಪಿಕೊಳ್ಳುವ ಮುನ್ನ ಅವರ ಈಗಿನ ಇಬ್ಬರು ವಿದ್ಯಾರ್ಥಿಗಳ ಜೊತೆ ಒಬ್ಬೊಬ್ಬರಾಗಿ ಮಾತನಾಡಿ. ಮಾರ್ಗದರ್ಶಕರು ಒಳ್ಳೆಯವರೇ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಕೊನೆಯ ಅಧ್ಯಾಯ ಕೊಟ್ಟ ಮೇಲೆ ಎಷ್ಟು ದಿನಕ್ಕೆ ಹಿಂದಿರುಗಿತು, ತಿಂಗಳಿಗೆ ಎಷ್ಟು ಸಲ ಭೇಟಿ, ಎಷ್ಟು ಜನ ನಡುವೆ ಬಿಟ್ಟುಹೋದರು ಎಂದು ಕೇಳಿ. ಉತ್ತರ ಕೊಡುವ ಮುನ್ನ ಎಳೆಯುವ ಉಸಿರನ್ನೂ ಗಮನಿಸಿ. ಸಾಧ್ಯವಾದರೆ ಇಬ್ಬರು ಮಾರ್ಗದರ್ಶಕರಿರಲಿ: ಒಬ್ಬರು ವಿಷಯ ಬಲ್ಲವರು, ಇನ್ನೊಬ್ಬರು ಸಂಶೋಧನಾ ವಿಧಾನ ಬಲ್ಲವರು.

6. ಅರ್ಜಿ ಮತ್ತು ಹಣ

ಕಾಗದಪತ್ರಗಳ ವಿಷಯದಲ್ಲಿ ಗುಟ್ಟೇನೂ ಇಲ್ಲ. ಅಂಕಪಟ್ಟಿಗಳು, ಎರಡು ಮೂರು ಶಿಫಾರಸು ಪತ್ರಗಳು, ವೃತ್ತಿ ವಿವರ, ಉದ್ದೇಶ ಪತ್ರ, ಸಂಶೋಧನಾ ಪ್ರಸ್ತಾವ, ಬೇಕಾದಲ್ಲಿ ಐಇಎಲ್‌ಟಿಎಸ್ ಅಥವಾ ಟೋಫೆಲ್ ಅಂಕ. ಶಿಫಾರಸು ಬರೆಯುವವರಿಗೆ ಆರು ವಾರ ಮೊದಲೇ ಹೇಳಿ, ನಿಮ್ಮ ಪ್ರಸ್ತಾವದ ಪ್ರತಿಯನ್ನೂ ಕೊಡಿ. ಇಲ್ಲದಿದ್ದರೆ 'ಪರಿಶ್ರಮಿ, ಪ್ರಾಮಾಣಿಕ' ಎಂಬೆರಡು ಮಾತಿನ ಪತ್ರ ಬರುತ್ತದೆ.

ಪ್ರಸ್ತಾವದ ತೂಕ ಬೇರೆಯೇ. ಐದಾರು ಪುಟಗಳಲ್ಲಿ ಸಮಸ್ಯೆ, ಈವರೆಗೆ ತಿಳಿದಿರುವುದು, ತಿಳಿಯದೆ ಉಳಿದಿರುವುದು, ನಿಮ್ಮ ಪ್ರಶ್ನೆ, ವಿಧಾನ, ದತ್ತಾಂಶ, ಕಾಲಸೂಚಿ ಇರಬೇಕು. 'ಈ ವಿಷಯದ ಮೇಲೆ ಈವರೆಗೆ ಯಾರೂ ಅಧ್ಯಯನ ಮಾಡಿಲ್ಲ' ಎಂದು ಬರೆಯಬೇಡಿ. ಅದು ಬಹುಪಾಲು ಸುಳ್ಳಾಗಿರುತ್ತದೆ. ನಿಜವಾಗಿದ್ದರೂ ಯಾರೂ ಮಾಡದಿರುವುದಕ್ಕೆ ಕಾರಣ ಇರಬಹುದು.

ಹಣದ ಮಾತು ಮುಜುಗರವಿಲ್ಲದೆ ಆಡಿ. ಪೂರ್ಣಕಾಲಿಕ ಪಿಎಚ್‌ಡಿಗೆ ಶುಲ್ಕ ವಿನಾಯಿತಿ ಮತ್ತು ಜೀವನ ಭತ್ಯೆ ಎರಡೂ ಸಿಗುವ ಅವಕಾಶವಿರುತ್ತದೆ. ವೃತ್ತಿಪರ ಡಾಕ್ಟರೇಟ್‌ಗಳ ಖರ್ಚನ್ನು ಸಾಮಾನ್ಯವಾಗಿ ವಿದ್ಯಾರ್ಥಿ ಅಥವಾ ಅವರ ಸಂಸ್ಥೆ ಹೊರಬೇಕು. ಎಷ್ಟು ವರ್ಷಕ್ಕೆ ನೆರವು ಖಚಿತ, ಅವಧಿ ಮೀರಿದರೆ ಶುಲ್ಕ ಎಷ್ಟು ಎಂದು ಕೇಳಿ. ಸಂಸ್ಥೆಯೇ ಹಣ ಕೊಡುವುದಾದರೆ ಒಪ್ಪಂದದಲ್ಲಿ ಒಂದು ಸಾಲು ಇರಲೇಬೇಕು: ಫಲಿತಾಂಶ ಸಂಸ್ಥೆಗೆ ಹಿಡಿಸದಿದ್ದರೂ ಪ್ರಕಟಿಸುವ ಹಕ್ಕು ನಿಮ್ಮದು.

7. ವಿಧಾನಗಳನ್ನು ಕಲಿಯಿರಿ, ಬೇಗ ಕಲಿಯಿರಿ

ಸಂಖ್ಯಾಶಾಸ್ತ್ರ ಎಂದರೆ ಬೆವರುವವರು ಮೊದಲು ಒಂದು ಸರಳ ಲೆಕ್ಕದಿಂದ ಧೈರ್ಯ ತಂದುಕೊಳ್ಳಬಹುದು. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮದ ಪ್ರಕಾರ, ಒಂದು ವ್ಯವಸ್ಥೆಯೊಳಗೆ ಸರಾಸರಿ ಎಷ್ಟು ಜನ ಇರುತ್ತಾರೆ ಎಂಬುದು ಬರುವವರ ದರವನ್ನು ಅವರು ಉಳಿಯುವ ಸರಾಸರಿ ಅವಧಿಯಿಂದ ಗುಣಿಸಿದರೆ ಸಿಗುತ್ತದೆ. ಒಂದು ವಾರ್ಡಿನಿಂದ ದಿನಕ್ಕೆ 12 ಜನ ಬಿಡುಗಡೆಯಾಗುತ್ತಾರೆ, ಪ್ರತಿಯೊಬ್ಬರೂ ಆರೂವರೆ ಗಂಟೆ ಕಾಯುತ್ತಾರೆ ಎಂದುಕೊಳ್ಳಿ. ಹನ್ನೆರಡನ್ನು 6.5ರಿಂದ ಗುಣಿಸಿ 24ರಿಂದ ಭಾಗಿಸಿ: 3.25. ಅಂದರೆ ಚಿಕಿತ್ಸೆ ಮುಗಿದವರೇ ಹಗಲಿರುಳೂ ಸರಾಸರಿ ಮೂರಕ್ಕಿಂತ ಹೆಚ್ಚು ಹಾಸಿಗೆಗಳನ್ನು ಹಿಡಿದಂತಾಯಿತು. ಹೊಸ ಹಾಸಿಗೆ ಕೊಳ್ಳಬೇಕೆಂದು ಕೂಗುವ ಸಭೆಯಲ್ಲಿ ಈ ಒಂದು ಸಾಲು ಹೇಳಿ ನೋಡಿ.

ಆಮೇಲೆ ಬರುವುದು ಹೋಲಿಕೆಯ ಪ್ರಶ್ನೆ. ಬದಲಾವಣೆ ತಂದಿರಿ, ತಡ ಕಡಿಮೆಯಾಯಿತು. ಬದಲಾವಣೆ ತರದಿದ್ದರೂ ಕಡಿಮೆಯಾಗುತ್ತಿತ್ತೇ? ಇಂಗ್ಲೆಂಡಿನಲ್ಲಿ ತೀವ್ರ ನಿಗಾ ಘಟಕಗಳಲ್ಲಿ ರಕ್ತನಾಳಕ್ಕೆ ಹಾಕುವ ಕೊಳವೆಯಿಂದ (ಕ್ಯಾಥೆಟರ್) ಬರುವ ಸೋಂಕು ತಗ್ಗಿಸಲು ಒಂದು ರಾಷ್ಟ್ರವ್ಯಾಪಿ ಕಾರ್ಯಕ್ರಮ ನಡೆಯಿತು. ಸೋಂಕು ಚೆನ್ನಾಗಿಯೇ ಇಳಿಯಿತು. ಆದರೆ ಕಾರ್ಯಕ್ರಮಕ್ಕೆ ಇನ್ನೂ ಸೇರಿರದ ಘಟಕಗಳಲ್ಲೂ ಇಳಿಯುತ್ತಿತ್ತು ಎಂಬುದು 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಗೊತ್ತಾಯಿತು. ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ಎಲ್ಲ ಕೀರ್ತಿಯೂ ಕಾರ್ಯಕ್ರಮಕ್ಕೇ ಹೋಗುತ್ತಿತ್ತು. ಆದ್ದರಿಂದ ಬದಲಾವಣೆಯ ಮುಂಚಿನ ಮತ್ತು ನಂತರದ ಹಲವು ತಿಂಗಳುಗಳ ಸರಣಿಯನ್ನು ನೋಡುವ ವಿಧಾನ, ಬದಲಾದ ಮತ್ತು ಬದಲಾಗದ ಗುಂಪುಗಳ ವ್ಯತ್ಯಾಸವನ್ನು ಹೋಲಿಸುವ ವಿಧಾನ ಈ ಎರಡನ್ನಾದರೂ ಗಟ್ಟಿಯಾಗಿ ಕಲಿಯಿರಿ. ರೋಗಿಗಳು ವಾರ್ಡಿನೊಳಗೆ, ವಾರ್ಡುಗಳು ಆಸ್ಪತ್ರೆಯೊಳಗೆ ಇರುವುದರಿಂದ ಬಹುಹಂತದ ವಿಶ್ಲೇಷಣೆಯೂ ಬೇಕಾಗುತ್ತದೆ. ಈ ಲೆಕ್ಕಗಳಿಗೆ ಆರ್ ಎಂಬ ತಂತ್ರಾಂಶ ಉಚಿತ, ಸ್ಟಾಟಾಗೆ ಹಣ ಕೊಡಬೇಕು. ಯಾವುದಾದರೂ ಒಂದು ಸಾಕು.

ಸಂದರ್ಶನ, ಅವಲೋಕನಗಳನ್ನು ಸಂಖ್ಯೆ ಬಾರದವರ ಆಸರೆ ಎಂದು ತಿಳಿಯಬೇಡಿ. ಮಧ್ಯಾಹ್ನ ಎರಡಕ್ಕೆ ಎಲ್ಲರೂ ಹೊರಟ ಒಗಟನ್ನು ಬಿಡಿಸಿದ್ದು ಒಂದು ಮಾತುಕತೆ, ಯಾವ ಸಮೀಕರಣವೂ ಅಲ್ಲ.

8. ನೈತಿಕ ಸಮಿತಿಯನ್ನು ಅಡ್ಡಿ ಎಂದುಕೊಳ್ಳಬೇಡಿ

ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ಆಧಾರವಾಗಿರುವ ಹೆಲ್ಸಿಂಕಿ ಘೋಷಣೆ 1964ರದು. 2024ರಲ್ಲಿ ಮತ್ತೊಮ್ಮೆ ಪರಿಷ್ಕೃತವಾಯಿತು. ನಾವು ಯಾರಿಗೂ ಸೂಜಿ ಚುಚ್ಚುವುದಿಲ್ಲವಲ್ಲ, ನಮಗೇಕೆ ಇದು ಎಂದು ಕೇಳುವವರಿದ್ದಾರೆ. ರೋಗಿಯ ದಾಖಲೆ ಮುಟ್ಟಿದರೆ ಸಾಮಾನ್ಯವಾಗಿ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಸಿಬ್ಬಂದಿಯನ್ನು ಸಂದರ್ಶಿಸಿದರೂ ಬೇಕು. ರೋಗಿಯ ಮಾಹಿತಿಯ ಗೌಪ್ಯತೆಗೆಂದು ಇರುವ ಅಮೆರಿಕದ ಹಿಪಾ ನಿಯಮದ ಒಂದು ದಾರಿಯಲ್ಲಿ 18 ಬಗೆಯ ಗುರುತುಗಳನ್ನು ತೆಗೆದ ಮೇಲಷ್ಟೇ ದಾಖಲೆ ಅನಾಮಧೇಯ ಎನಿಸಿಕೊಳ್ಳುತ್ತದೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮ ಜಿಡಿಪಿಆರ್ ಆರೋಗ್ಯದ ಮಾಹಿತಿಯನ್ನು ವಿಶೇಷ ವರ್ಗಕ್ಕೆ ಸೇರಿಸಿದೆ.

ನಮ್ಮ ಕ್ಷೇತ್ರದ ಸೂಕ್ಷ್ಮ ಬೇರೊಂದಿದೆ. ನೀವು ಅದೇ ಆಸ್ಪತ್ರೆಯ ಆಡಳಿತಾಧಿಕಾರಿಯಾಗಿದ್ದು ನಿಮ್ಮ ಕೈಕೆಳಗಿನ ನರ್ಸ್‌ಗೆ 'ಇಷ್ಟವಿದ್ದರೆ ಮಾತ್ರ ಭಾಗವಹಿಸಿ' ಎಂದರೆ ಆಕೆಗೆ ಬೇಡ ಎನ್ನುವ ಸ್ವಾತಂತ್ರ್ಯ ಇದೆಯೇ? ಸಂದರ್ಶನವನ್ನು ಬೇರೆಯವರಿಂದ ಮಾಡಿಸಿ, ಅಥವಾ ನಿಮ್ಮ ಅಧಿಕಾರ ಇಲ್ಲದ ವಿಭಾಗವನ್ನು ಆರಿಸಿಕೊಳ್ಳಿ. ಹೆಸರು ತೆಗೆದರೆ ಸಾಲದು ಎಂಬುದನ್ನೂ ನೆನಪಿಡಿ. 'ನರರೋಗ ವಿಭಾಗದ ಏಕೈಕ ಪುರುಷ ನರ್ಸ್' ಎಂದು ಬರೆದರೆ ಇಡೀ ಆಸ್ಪತ್ರೆಗೆ ಅದು ಯಾರೆಂದು ಗೊತ್ತು. ಸಮಿತಿಯ ಒಪ್ಪಿಗೆಗೆ ಮೂರು ನಾಲ್ಕು ತಿಂಗಳು ಮೀಸಲಿಡಿ.

9. ಬರೆಯುವುದು

ಪ್ರತಿದಿನ ಬರೆಯಿರಿ, ಕೆಟ್ಟದಾಗಿಯಾದರೂ ಬರೆಯಿರಿ. ಓದಿದ ಲೇಖನಗಳನ್ನು ಮೊದಲ ದಿನದಿಂದಲೇ ಝೊಟೆರೊದಂತಹ ಉಚಿತ ತಂತ್ರಾಂಶದಲ್ಲಿ ಜೋಡಿಸಿಡಿ. ವರದಿಯಲ್ಲಿ ಏನೇನು ಇರಬೇಕು ಎಂದು ಹೇಳುವ ಕೈಪಟ್ಟಿಗಳಿವೆ: ಅವಲೋಕನ ಅಧ್ಯಯನಕ್ಕೆ 22 ಅಂಶಗಳ ಸ್ಟ್ರೋಬ್, ಸಂದರ್ಶನಗಳಿಗೆ 32 ಅಂಶಗಳ ಕೋರೆಕ್, ಗುಣಮಟ್ಟ ಸುಧಾರಣೆಗೆ ಸ್ಕ್ವೈರ್. ಬರೆದು ಮುಗಿಸಿದ ಮೇಲೆ ಇವನ್ನು ನೋಡಿದರೆ ಅಳು ಬರುತ್ತದೆ, ಯೋಜಿಸುವಾಗಲೇ ಪಕ್ಕದಲ್ಲಿಟ್ಟುಕೊಳ್ಳಿ. ಲೇಖನದಲ್ಲಿ ಯಾರ ಹೆಸರು ಇರಬೇಕು, ಯಾವ ಕ್ರಮದಲ್ಲಿ ಇರಬೇಕು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಮಾತನಾಡಿ ಮುಗಿಸಿ. ಹಣ ಕಟ್ಟಿದರೆ ವಾರದಲ್ಲಿ ಪ್ರಕಟಿಸುತ್ತೇವೆ ಎನ್ನುವ ನಿಯತಕಾಲಿಕಗಳ ಮಿಂಚಂಚೆಯನ್ನು ಓದದೆಯೇ ಅಳಿಸಿ.

ಅರೆಕಾಲಿಕರಿಗೆ ಒಂದು ಮಾತು. ರಜೆಯ ದಿನ ಎಂಟು ಗಂಟೆ ಬರೆಯುತ್ತೇನೆ ಎಂಬ ಲೆಕ್ಕ ನಡೆಯುವುದಿಲ್ಲ. ಆ ರಜೆ ಎಂದೂ ಬರುವುದಿಲ್ಲ. ಕೆಲಸಕ್ಕೆ ಹೊರಡುವ ಮುನ್ನದ ಒಂದು ಗಂಟೆ ಸಾಕು. ಎರಡನೆಯ ವರ್ಷದ ನಡುವೆ ಇದೆಲ್ಲ ಏಕೆ ಬೇಕಿತ್ತು ಎನ್ನಿಸುವ ತಿಂಗಳೊಂದು ಎಲ್ಲರಿಗೂ ಬರುತ್ತದೆ. ಆ ತಿಂಗಳು ಯಾವ ದೊಡ್ಡ ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ. ಪರಾಮರ್ಶನ ಪಟ್ಟಿ ಸರಿಪಡಿಸುವಂತಹ ಕೈಕೆಲಸ ಮಾಡಿಕೊಂಡಿರಿ.

10. ಮೌಖಿಕ ಪರೀಕ್ಷೆ, ಮತ್ತು ಅದರ ಮರುದಿನ

ಬ್ರಿಟನ್ನಿನಲ್ಲಿ ಮುಚ್ಚಿದ ಕೋಣೆಯಲ್ಲಿ ಇಬ್ಬರು ಮೂವರು ಪರೀಕ್ಷಕರು ಗಂಟೆಗಟ್ಟಲೆ ಕೇಳುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಸಾರ್ವಜನಿಕರ ಮುಂದೆಯೇ ಪರೀಕ್ಷೆ. ನಿಗದಿತ ಹೊತ್ತು ಮುಗಿದ ಕೂಡಲೇ ವಿಶ್ವವಿದ್ಯಾಲಯದ ದಂಡಧಾರಿ ಒಳಬಂದು 'ಹೋರಾ ಎಸ್ಟ್', ಅಂದರೆ ಹೊತ್ತಾಯಿತು, ಎಂದು ಲ್ಯಾಟಿನ್ನಿನಲ್ಲಿ ಕೂಗುತ್ತಾರೆ. ನೀವು ಉತ್ತರದ ನಡುವೆ ಇದ್ದರೂ ಸರಿಯೇ. ಎಲ್ಲಿಯೇ ಆದರೂ ತಪ್ಪದೆ ಬರುವ ಪ್ರಶ್ನೆಗಳು ಮೂರು: ಈ ವಿಧಾನವನ್ನೇ ಏಕೆ ಆರಿಸಿದಿರಿ, ನಿಮ್ಮ ಅಧ್ಯಯನದ ದುರ್ಬಲ ಜಾಗ ಯಾವುದು, ಇದರಿಂದ ಆಸ್ಪತ್ರೆಯಲ್ಲಿ ನಾಳೆ ಏನು ಬದಲಾಗಬೇಕು. ಎರಡನೆಯದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಿದವರನ್ನು ಪರೀಕ್ಷಕರು ಗೌರವದಿಂದ ಕಾಣುತ್ತಾರೆ.

ತಿದ್ದುಪಡಿಗಳನ್ನು ಮುಗಿಸಿ ಪ್ರತಿಯನ್ನು ಗ್ರಂಥಾಲಯಕ್ಕೆ ಕೊಟ್ಟ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಮುನ್ನೂರು ಪುಟವನ್ನು ಒಂದು ಪುಟಕ್ಕೆ ಇಳಿಸಿ ದತ್ತಾಂಶ ಕೊಟ್ಟವರ ಕೈಗೆ ಕೊಡಿ. ನಾನು ಆ ಹಾಳೆ ಹಿಡಿದು ಹಳೆಯ ವಾರ್ಡಿಗೆ ಹೋದಾಗ ಅದೇ ಹಿರಿಯ ನರ್ಸ್ ಇದ್ದರು. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು.

"ಎರಡು ಗಂಟೆಯ ವಿಷಯ ಬರೆದಿದ್ದೀರಾ?"

"ಬರೆದಿದ್ದೇನೆ, ನಾಲ್ಕನೆಯ ಅಧ್ಯಾಯದಲ್ಲಿ."

"ನನ್ನ ಹೆಸರು ಹಾಕಿಲ್ಲ ತಾನೇ?"

ಇಲ್ಲ ಎಂದೆ. ಅವರು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಗೋಡೆಯ ಗಡಿಯಾರದತ್ತ ಒಮ್ಮೆ ನೋಡಿ, ಕಂಪ್ಯೂಟರಿನ ಕಡೆಗೆ ಬಿರಬಿರನೆ ನಡೆದರು. ಎರಡಕ್ಕೆ ಐದು ನಿಮಿಷ ಇತ್ತು.